ಕಾರಿಗೆ ನೈಟ್ರಸ್ ಕೂರಿಸುವುದು: ಪೆಟ್ರೋಲ್ ಮೊದಲು, ಬಾಟಲಿ ಆಮೇಲೆ

ನೈಟ್ರಸ್ ಕಿಟ್ (ಇಂಜಿನ್‌ಗೆ ನೈಟ್ರಸ್ ಆಕ್ಸೈಡ್ ಅನಿಲ ಬಿಟ್ಟು ಶಕ್ತಿ ಏರಿಸುವ ಸಾಮಾನು) ಕೈಗೆ ಬಂದ ದಿನ ಎಲ್ಲರೂ ಮಾಡುವ ಮೊದಲ ಕೆಲಸ ಒಂದೇ. ಬಾಟಲಿಯನ್ನು ಡಿಕ್ಕಿಯಲ್ಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಹೇಗೆ ಕಾಣುತ್ತದೆ ಅಂತ ನೋಡುವುದು. ನಾನೂ ನೋಡಿದ್ದೆ. ಆಮೇಲೆ ಬ್ರಾಕೆಟ್‌ಗೆ ತೂತು ಕೊರೆದೆ, ಲೈನ್ ಎಳೆದೆ, ವೈರಿಂಗ್ ಮುಗಿಸಿದೆ. ಎಲ್ಲ ಆದ ಮೇಲೆ ಗೊತ್ತಾಯಿತು, ಕಾರಿನ ಫ್ಯೂಯೆಲ್ ಪಂಪ್‌ಗೆ ಈ ಹೊರೆ ಹೊರುವ ತಾಕತ್ತೇ ಇಲ್ಲ ಅಂತ. ಹೊಸ ಪಂಪ್ ಬರುವವರೆಗೆ ಮೂರು ವಾರ ಆ ಬಾಟಲಿ ಡಿಕ್ಕಿಯಲ್ಲಿ ಸುಮ್ನೆ ಅಲಂಕಾರಕ್ಕೆ ಕೂತಿತ್ತು.

ಅದಕ್ಕೇ ಇಲ್ಲಿನ ಕ್ರಮ ಸ್ವಲ್ಪ ಉಲ್ಟಾ. ಬಾಟಲಿಯ ಮಾತು ಅರ್ಧ ದಾರಿ ಕಳೆದ ಮೇಲೆ ಬರುತ್ತದೆ. ಹೇಳುತ್ತಿರುವುದು ಟರ್ಬೊ ಇಲ್ಲದ, ಫ್ಯೂಯೆಲ್ ಇಂಜೆಕ್ಷನ್ ಇರುವ ಪೆಟ್ರೋಲ್ ಕಾರಿಗೆ ಒಂದು ಚಿಕ್ಕ ಶಾಟ್ ಕೂರಿಸುವ ಬಗ್ಗೆ. ಶಾಟ್ ಅಂದರೆ ನೈಟ್ರಸ್‌ನಿಂದ ಮೇಲೆ ಸೇರುವ ಶಕ್ತಿ. ಇಂಜಿನ್ ಬಿಚ್ಚಿ ಫೋರ್ಜ್ಡ್ ಪಿಸ್ಟನ್ ಹಾಕಿ ಕಟ್ಟಿದ ರೇಸ್ ಕಾರಿನ ಕಥೆ ಬೇರೆ.

ಇಂಜಿನ್ ಒಳಗೆ ಏನಾಗುತ್ತದೆ

ನೈಟ್ರಸ್ ಆಕ್ಸೈಡ್ ತಾನೇ ಉರಿಯುವ ಅನಿಲ ಅಲ್ಲ. ಅದು ಆಮ್ಲಜನಕವನ್ನು ಹೊತ್ತು ತರುವ ಗಾಡಿ, ಅಷ್ಟೇ. ಗಾಳಿಯ ತೂಕದಲ್ಲಿ ಆಮ್ಲಜನಕ ಸುಮಾರು ಶೇ 23. ನೈಟ್ರಸ್ ತೂಕದಲ್ಲಿ ಶೇ 36. ಸಿಲಿಂಡರ್ ಒಳಗಿನ ಬಿಸಿ ಸುಮಾರು 300 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಅದು ಒಡೆದು, ಸಾರಜನಕ ಮತ್ತು ಆಮ್ಲಜನಕ ಬೇರೆ ಬೇರೆಯಾಗುತ್ತವೆ. ಆಮ್ಲಜನಕ ಜಾಸ್ತಿ ಸಿಕ್ಕರೆ ಪೆಟ್ರೋಲನ್ನೂ ಜಾಸ್ತಿ ಸುಡಬಹುದು. ಶಕ್ತಿ ಬರುವುದು ಆ ಹೆಚ್ಚಿನ ಪೆಟ್ರೋಲ್‌ನಿಂದ. ಜೊತೆಗೆ ಇನ್ನೊಂದು ಲಾಭವಿದೆ. ದ್ರವ ನೈಟ್ರಸ್ ಮೈನಸ್ 88 ಡಿಗ್ರಿಯಲ್ಲೇ ಕುದಿಯುತ್ತದೆ. ನಾಝಲ್‌ನಿಂದ ಹೊರಬಿದ್ದ ತಕ್ಷಣ ಆವಿಯಾಗಿ ಸುತ್ತಲಿನ ಗಾಳಿಯನ್ನು ತಣ್ಣಗೆ ಮಾಡುತ್ತದೆ. ತಣ್ಣನೆಯ ಗಾಳಿ ದಟ್ಟವಾಗಿರುತ್ತದೆ, ಒಂದೇ ಉಸಿರಿಗೆ ಇಂಜಿನ್ ಜಾಸ್ತಿ ಗಾಳಿ ಎಳೆದುಕೊಳ್ಳುತ್ತದೆ.

ಉಪಾಯ ಹೊಸದಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ವಾಯುಪಡೆ ತನ್ನ ಕೆಲವು ವಿಮಾನಗಳಿಗೆ ಜಿಎಂ-1 ಎಂಬ ಹೆಸರಲ್ಲಿ ಇದನ್ನೇ ಅಳವಡಿಸಿತ್ತು. ಗಾಳಿ ತೆಳುವಾಗುವ ಎತ್ತರದಲ್ಲಿ ಇಂಜಿನ್ ಸೊರಗದಿರಲಿ ಅಂತ. ಕಾರಿನವರ ಬಾಯಲ್ಲಿ ಓಡಾಡುವ ‘ಎನ್‌ಒಎಸ್’ ಅನ್ನುವುದು 1978ರಲ್ಲಿ ಅಮೆರಿಕದಲ್ಲಿ ಶುರುವಾದ ನೈಟ್ರಸ್ ಆಕ್ಸೈಡ್ ಸಿಸ್ಟಮ್ಸ್ ಕಂಪನಿಯ ಹೆಸರು. ಅನಿಲದ ಹೆಸರಲ್ಲ.

ಈಗ ಸ್ವಲ್ಪ ಲೆಕ್ಕ. ಒಂದು ಕಿಲೊ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೊ ಗಾಳಿ ಬೇಕು. ಗಾಳಿಯ ಬದಲು ನೈಟ್ರಸ್ ಆದರೆ ಸುಮಾರು 9.5 ಕಿಲೊ ಸಾಕು. ಅಂದರೆ ಒಳಗೆ ಬಿಟ್ಟ ಪ್ರತಿ 9.5 ಕಿಲೊ ನೈಟ್ರಸ್‌ಗೆ ಕನಿಷ್ಠ ಒಂದು ಕಿಲೊ ಪೆಟ್ರೋಲ್ ಜೊತೆಗೆ ಹೋಗಲೇಬೇಕು. ಸುರಕ್ಷತೆಗೆ ಅಂತ ಕಿಟ್‌ಗಳು ಅದಕ್ಕಿಂತ ಸಾಕಷ್ಟು ಜಾಸ್ತಿಯೇ ಕೊಡುತ್ತವೆ. ಪೆಟ್ರೋಲ್ ಕಮ್ಮಿಯಾದರೆ ಮಿಶ್ರಣ ಲೀನ್ ಆಗುತ್ತದೆ, ಬಿಸಿ ಏರುತ್ತದೆ, ನಾಕಿಂಗ್ (ಮಿಶ್ರಣ ಹದ ತಪ್ಪಿ ತಾನಾಗಿ ಸಿಡಿಯುವುದು) ಶುರುವಾಗುತ್ತದೆ, ಕೊನೆಗೆ ಪಿಸ್ಟನ್ ಕರಗುತ್ತದೆ. ‘ನೈಟ್ರಸ್ ಹಾಕಿ ಇಂಜಿನ್ ಹೋಯ್ತು’ ಅನ್ನುವವರನ್ನು ಕೂರಿಸಿಕೊಂಡು ಕೇಳಿ ನೋಡಿ. ಹೆಚ್ಚಿನ ಸಲ ಅದು ಪೆಟ್ರೋಲ್ ಸಾಲದೆ ಹೋದ ಇಂಜಿನ್ ಆಗಿರುತ್ತದೆ.

ಇನ್ನೊಂದು ವಿಷಯ ತಲೆಗೆ ಹೋದರೆ ಉಳಿದ ಅರ್ಧ ಕೆಲಸ ತಾನಾಗಿ ಅರ್ಥವಾಗುತ್ತದೆ. ಜೆಟ್‌ನಿಂದ (ಹರಿವನ್ನು ಅಳೆದು ಬಿಡುವ ಸಣ್ಣ ತೂತಿನ ತುಂಡು) ನೈಟ್ರಸ್ ಬರುವುದು ಸೆಕೆಂಡಿಗೆ ಇಷ್ಟು ಅಂತ. ಇಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ ಅನ್ನುವುದರ ಅರಿವು ಅದಕ್ಕಿಲ್ಲ. 6000 ಆರ್‌ಪಿಎಂನಲ್ಲಿ ಒಂದು ಸಿಲಿಂಡರ್ ಸೆಕೆಂಡಿಗೆ 50 ಸಲ ಉಸಿರು ಎಳೆಯುತ್ತದೆ. 3000ದಲ್ಲಿ 25 ಸಲ. ಹರಿವು ಅಷ್ಟೇ ಇರುವುದರಿಂದ, 3000ದಲ್ಲಿ ಪ್ರತಿ ಉಸಿರಿಗೂ ಎರಡು ಪಟ್ಟು ನೈಟ್ರಸ್ ಹೋಗುತ್ತದೆ. 1500ರಲ್ಲಿ ನಾಲ್ಕು ಪಟ್ಟು! 6000ದಲ್ಲಿ ಪುಟ್ಟದು ಅನ್ನಿಸುವ ಶಾಟ್ 1500ರಲ್ಲಿ ಸುತ್ತಿಗೆ ಏಟು. ಕನೆಕ್ಟಿಂಗ್ ರಾಡ್ ಬಗ್ಗುವುದು, ಹೆಡ್ ಗ್ಯಾಸ್ಕೆಟ್ ಹಾರುವುದು ಈ ಜಾಗದಲ್ಲೇ. ಕಡಿಮೆ ಆರ್‌ಪಿಎಂನಲ್ಲಿ ನೈಟ್ರಸ್ ಬಿಡಬಾರದು ಅನ್ನುವ ನಿಯಮದ ಹಿಂದಿರುವುದು ಇಷ್ಟೇ.

ಕಾರು ಇದಕ್ಕೆ ತಯಾರಿದೆಯಾ?

ಮೊದಲು ಕಾನೂನು. ಸಾರ್ವಜನಿಕ ರಸ್ತೆಯಲ್ಲಿ ನೈಟ್ರಸ್ ಬಳಸುವುದನ್ನು ಎಷ್ಟೋ ಕಡೆ ನಿಷೇಧಿಸಿದ್ದಾರೆ. ಕೆಲವು ಕಡೆ ಕಾರಿನಲ್ಲಿ ಬಾಟಲಿ ಇರಬಹುದು, ಆದರೆ ಲೈನ್ ಬಿಚ್ಚಿರಬೇಕು. ನಿಮ್ಮಲ್ಲಿ ಏನಿದೆ ಅಂತ ತಿಳಿದುಕೊಂಡೇ ದುಡ್ಡು ಬಿಚ್ಚಿ. ವಿಮೆಯವರಿಗೆ ತಿಳಿಸಿ. ವಾರಂಟಿ ಇದ್ದರೆ ಅದರ ಆಸೆ ಬಿಡಿ. ಒತ್ತುವ ಜಾಗ ಯಾವಾಗಲೂ ಟ್ರ್ಯಾಕ್, ರಸ್ತೆಯಲ್ಲ.

ಆಮೇಲೆ ಇಂಜಿನ್ ಆರೋಗ್ಯ. ಕಂಪ್ರೆಷನ್ ಟೆಸ್ಟ್ ಮಾಡಿಸಿ. ಸಿಲಿಂಡರ್‌ಗಳ ನಡುವೆ ಶೇ 10ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಕಿಟ್ ಆಸೆ ಬದಿಗಿಟ್ಟು ಇಂಜಿನ್ ಕಡೆ ನೋಡಿ. ಆಯಿಲ್ ಕುಡಿಯುವ ಇಂಜಿನ್‌ಗೂ ನೈಟ್ರಸ್ ಬೇಡ. ಸಿಲಿಂಡರ್‌ಗೆ ಸೇರಿದ ಆಯಿಲ್ ಪೆಟ್ರೋಲ್‌ನ ಆಕ್ಟೇನ್ ಇಳಿಸಿ ನಾಕಿಂಗ್‌ಗೆ ದಾರಿ ಮಾಡುತ್ತದೆ. ಕ್ಲಚ್ ಈಗಲೇ ಜಾರುತ್ತಿದ್ದರೆ ಮುಂದಿನದ್ದು ಹೇಳಬೇಕಿಲ್ಲ.

ಶಾಟ್ ಎಷ್ಟು ದೊಡ್ಡದಿರಬೇಕು? ಒಳಗೆ ಏನೂ ಬದಲಾಯಿಸದ ಸ್ಟಾಕ್ ಇಂಜಿನ್‌ಗೆ ಬಹಳ ಕಾಲದಿಂದ ಚಾಲ್ತಿಯಲ್ಲಿರುವ ಅಂದಾಜು ಹೀಗಿದೆ: ನಾಲ್ಕು ಸಿಲಿಂಡರ್‌ಗೆ 40ರಿಂದ 60 ಎಚ್‌ಪಿ, ಆರು ಸಿಲಿಂಡರ್‌ಗೆ 75ರಿಂದ 100, ಚಿಕ್ಕ ವಿ8ಗೆ ಹೆಚ್ಚೆಂದರೆ 140ರ ಹತ್ತಿರ. ಸ್ಟಾಕ್ ಕಾರುಗಳಲ್ಲಿ ಸಾಮಾನ್ಯವಾಗಿ ಇರುವ ಎರಕದ ಪಿಸ್ಟನ್ ಶಕ್ತಿಯನ್ನು ತಾಳಿಕೊಳ್ಳುತ್ತದೆ, ನಾಕಿಂಗ್ ತಾಳುವುದಿಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚಿ. ನಾಲ್ಕು ಸಿಲಿಂಡರ್ ಕಾರಿಗೆ 50 ಎಚ್‌ಪಿ ಅಂದರೆ ಕಮ್ಮಿಯೇನಲ್ಲ, ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ. ಮುಂದೆ ಹೇಳುವುದೆಲ್ಲ ಈ 50ರ ಲೆಕ್ಕದಲ್ಲಿ.

ವೆಟ್ಟಾ, ಡ್ರೈಯಾ?

ಡ್ರೈ ಕಿಟ್‌ನಲ್ಲಿ ನಾಝಲ್ ಬರೀ ನೈಟ್ರಸ್ ಚಿಮ್ಮುತ್ತದೆ. ಬೇಕಾದ ಪೆಟ್ರೋಲನ್ನು ಕಾರಿನ ಇಂಜೆಕ್ಟರ್‌ಗಳೇ ಕೊಡಬೇಕು. ಅದಕ್ಕೆ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಟ್ಯೂನ್ ಆಗಬೇಕು, ಇಂಜೆಕ್ಟರ್‌ಗಳಲ್ಲಿ ಅಷ್ಟು ಜಾಗ ಉಳಿದಿರಬೇಕು. ವೆಟ್ ಕಿಟ್‌ನಲ್ಲಿ ಒಂದೇ ನಾಝಲ್‌ನಿಂದ ನೈಟ್ರಸ್ಸೂ ಪೆಟ್ರೋಲೂ ಜೊತೆಯಾಗಿ ಬರುತ್ತವೆ. ಒಂದೊಂದಕ್ಕೂ ಬೇರೆ ಸೊಲೆನಾಯ್ಡ್ (ಕರೆಂಟ್ ಕೊಟ್ಟಾಗ ತೆರೆಯುವ ವಾಲ್ವ್), ಬೇರೆ ಜೆಟ್. ಪ್ರತಿ ಸಿಲಿಂಡರ್‌ಗೂ ಒಂದೊಂದು ನಾಝಲ್ ಇಡುವ ಡೈರೆಕ್ಟ್ ಪೋರ್ಟ್ ದೊಡ್ಡ ಶಾಟ್‌ನವರಿಗೆ, ಇಲ್ಲಿ ಬೇಡ.

ಮೊದಲ ಸಲದವರಿಗೆ ನನ್ನ ಮತ ವೆಟ್ ಕಿಟ್‌ಗೆ. ಎಷ್ಟು ನೈಟ್ರಸ್, ಎಷ್ಟು ಪೆಟ್ರೋಲ್ ಅನ್ನುವುದು ಎರಡು ಜೆಟ್‌ಗಳಲ್ಲಿ ಕಣ್ಣಿಗೆ ಕಾಣುತ್ತದೆ. ಒಂದು ದೋಷವಿದೆ. ಈಗಿನ ಕಾರುಗಳ ಉದ್ದ ಕೊಳವೆಯ ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಭಾಗ) ಮಾಡಿರುವುದು ಬರೀ ಗಾಳಿ ಹರಿಯಲಿ ಅಂತ. ಗಾಳಿಯ ವೇಗ ಕಮ್ಮಿ ಇರುವಾಗ ಪೆಟ್ರೋಲ್ ಸಿಂಪಡಿಸಿದರೆ ಅದು ಒಳಗೆ ತಳದಲ್ಲಿ ನಿಂತುಬಿಡುತ್ತದೆ. ಒಂದು ಕಿಡಿ ಹಿಂದಕ್ಕೆ ಹಾರಿದರೆ ಪ್ಲಾಸ್ಟಿಕ್ ಮ್ಯಾನಿಫೋಲ್ಡ್ ಚೂರು ಚೂರು. ಇದಕ್ಕೂ ಮದ್ದು ಆಗಲೇ ಹೇಳಿದ್ದೇ: ಕಡಿಮೆ ಆರ್‌ಪಿಎಂನಲ್ಲಿ ಒತ್ತಬೇಡಿ.

ಪೆಟ್ರೋಲ್ ಮತ್ತು ಕಿಡಿ

ಫುಲ್ ಥ್ರಾಟಲ್‌ನಲ್ಲಿ ಒಂದು ಎಚ್‌ಪಿಗೆ ಗಂಟೆಗೆ ಸುಮಾರು ಕಾಲು ಕಿಲೊ ಪೆಟ್ರೋಲ್ ಬೇಕು. 150 ಎಚ್‌ಪಿ ಇಂಜಿನ್‌ಗೆ ಇದು 37.5 ಕಿಲೊ, ಅಂದರೆ ಸುಮಾರು 51 ಲೀಟರ್. ಮೇಲಿನ 50 ಎಚ್‌ಪಿಗೆ ಇನ್ನೂ 17 ಲೀಟರ್ ಸೇರಿಸಿ. ಒಟ್ಟು ಗಂಟೆಗೆ 68 ಲೀಟರ್. ನಿಮ್ಮ ಪಂಪ್ ಇಷ್ಟನ್ನು ರೈಲ್‌ನ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಕೊಡುವ ಕೊಳವೆ) ಒತ್ತಡದಲ್ಲಿ ಕೊಡಬೇಕು, ಮೇಲೆ ಸ್ವಲ್ಪ ಉಳಿಯಲೂ ಬೇಕು. ಪಂಪ್ ಡಬ್ಬಿಯ ಮೇಲಿನ ದೊಡ್ಡ ಅಂಕಿ ನೋಡಿ ಮೋಸ ಹೋಗಬೇಡಿ. ಒತ್ತಡ ಏರಿದಂತೆ ಹರಿವು ಇಳಿಯುತ್ತದೆ, ಆದ್ದರಿಂದ ಆ ಅಂಕಿ ಯಾವ ಒತ್ತಡದಲ್ಲಿ ಅಳೆದದ್ದು ಅಂತ ಕೇಳಿ. ಲೆಕ್ಕಕ್ಕಿಂತ ನಂಬಿಕಸ್ತ ಅಂದರೆ ಗೇಜ್. ರೈಲ್‌ಗೆ ಪ್ರೆಷರ್ ಗೇಜ್ ಕಟ್ಟಿ, ಡೈನೊ (ಕಾರಿನ ಶಕ್ತಿ ಅಳೆಯುವ ಯಂತ್ರ) ಮೇಲೆ ಫುಲ್ ಥ್ರಾಟಲ್‌ನಲ್ಲಿ ಮೇಲಿನ ಆರ್‌ಪಿಎಂವರೆಗೆ ಎಳೆಸಿ. ನೈಟ್ರಸ್ ಇಲ್ಲದೆಯೇ ಮುಳ್ಳು ಇಳಿಯುತ್ತಿದ್ದರೆ ಪಂಪ್ ಅಥವಾ ಫಿಲ್ಟರ್ ಬದಲಿಸದೆ ಮುಂದಿನ ಹೆಜ್ಜೆ ಇಡಬೇಡಿ.

ಫ್ಯೂಯೆಲ್ ಫಿಲ್ಟರ್ ಹೊಸದು ಹಾಕಿ. ಪೆಟ್ರೋಲ್ ಸಿಗುವುದರಲ್ಲಿ ಅತಿ ಹೆಚ್ಚು ಆಕ್ಟೇನ್‌ನದ್ದು ಇರಲಿ.

ಸ್ಪಾರ್ಕ್ ಪ್ಲಗ್ ಒಂದು ಹಂತ ಕೋಲ್ಡ್ ಇರುವುದನ್ನು, ಅಂದರೆ ಬಿಸಿಯನ್ನು ಬೇಗ ಬಿಟ್ಟುಕೊಡುವುದನ್ನು ಹಾಕಿ. ಗ್ಯಾಪ್ 0.75ರಿಂದ 0.9 ಎಂಎಂ. ಸಿಲಿಂಡರ್ ಒಳಗಿನ ಒತ್ತಡ ಏರಿದಾಗ ದೊಡ್ಡ ಗ್ಯಾಪ್‌ನಲ್ಲಿ ಕಿಡಿ ಆರಿಹೋಗುತ್ತದೆ. ಮೂತಿ ಉದ್ದಕ್ಕೆ ಮುಂದೆ ಚಾಚಿಕೊಂಡಿರುವ, ಸಣ್ಣ ತಂತಿಯಂಥ ತುದಿಯ ಪ್ಲಗ್‌ಗಳು ಬೇಡ. ಆ ತುದಿಯೇ ಕೆಂಡವಾಗಿ ಕಿಡಿಗಿಂತ ಮುಂಚೆ ಮಿಶ್ರಣಕ್ಕೆ ಬೆಂಕಿ ಹಚ್ಚುತ್ತದೆ.

ನೈಟ್ರಸ್ ಸೇರಿದಾಗ ಉರಿ ಬೇಗ ಹರಡುತ್ತದೆ. ಹಾಗಾಗಿ ಕಿಡಿ ಸ್ವಲ್ಪ ತಡವಾಗಿ ಬರಬೇಕು. 50 ಎಚ್‌ಪಿಗೆ 2 ಡಿಗ್ರಿ ಟೈಮಿಂಗ್ ಹಿಂದಕ್ಕೆ ಎಳೆಯುವುದು ವಾಡಿಕೆ. ನೈಟ್ರಸ್ ಬಿಟ್ಟಾಗ ಮಾತ್ರ ಹಿಂದಕ್ಕೆ ಹೋಗುವ ಹಾಗೆ ಇಸಿಯು ಟ್ಯೂನ್ ಮಾಡಿಸಿ, ಇಲ್ಲವೇ ಅದಕ್ಕೆಂದೇ ಇರುವ ರಿಟಾರ್ಡ್ ಬಾಕ್ಸ್ ಹಾಕಿ.

ಈಗ ಬಾಟಲಿ

ಸಾಮಾನ್ಯ ಬಾಟಲಿ 10 ಪೌಂಡಿನದು, ಅಂದರೆ ಒಳಗೆ 4.5 ಕಿಲೊ ನೈಟ್ರಸ್. ಅದು ಒಳಗಿರುವುದು ದ್ರವವಾಗಿ, ಬೇಕಾಗಿರುವುದೂ ದ್ರವವಾಗಿಯೇ. ಅದಕ್ಕೆ ವಾಲ್ವ್‌ನಿಂದ ಒಳಗೆ ಒಂದು ಸೈಫನ್ ಕೊಳವೆ ಇಳಿದು, ಬಾಟಲಿಯ ಹಿಂತುದಿಯ ತಳದಲ್ಲಿ ಬಾಗಿ ನಿಂತಿರುತ್ತದೆ. ಬಾಟಲಿ ಮಲಗಿಸುವ ರೀತಿ ತಪ್ಪಾದರೆ ಕೊಳವೆ ದ್ರವ ಬಿಟ್ಟು ಬರೀ ಆವಿ ಎಳೆಯುತ್ತದೆ, ಶಕ್ತಿ ಬಿಟ್ಟು ಬಿಟ್ಟು ಬರುತ್ತದೆ. ವಾಲ್ವ್ ಕಾರಿನ ಮುಂಭಾಗಕ್ಕೆ, ಲೇಬಲ್ ಮೇಲಕ್ಕೆ, ವಾಲ್ವ್ ಕಡೆಯ ತುದಿ ತಳಕ್ಕಿಂತ ಸ್ವಲ್ಪ ಎತ್ತರಕ್ಕೆ ಇರಲಿ. ಕಾರು ಮುಂದೆ ನುಗ್ಗಿದಾಗ ದ್ರವ ಹಿಂದಕ್ಕೆ ಹೋಗಿ ಕೊಳವೆಯ ಬಾಯಿ ಸುತ್ತ ಸೇರಿಕೊಳ್ಳುತ್ತದೆ. ಕೆಲವು ಬಾಟಲಿಗಳಲ್ಲಿ ಕೊಳವೆಯ ದಿಕ್ಕು ಬೇರೆ ಇರುತ್ತದೆ, ಕಿಟ್ ಜೊತೆಯ ಕಾಗದ ಓದಿ.

ಡ್ರಿಲ್ ಹಿಡಿಯುವ ಮುಂಚೆ ಕಾರಿನ ಕೆಳಗೆ ತೂರಿ ನೋಡಿ. ಡಿಕ್ಕಿಯ ನೆಲದ ಕೆಳಗೆ ಪೆಟ್ರೋಲ್ ಟ್ಯಾಂಕೋ ಬ್ರೇಕ್ ಪೈಪೋ ಇರಬಹುದು. ಬೋಲ್ಟ್‌ಗಳ ಕೆಳಗೆ ಅಗಲವಾದ ವಾಷರ್ ಅಥವಾ ಕಬ್ಬಿಣದ ಪಟ್ಟಿ ಕೊಡಿ. ತುಂಬಿದ ಬಾಟಲಿ ಭಾರವಾಗಿರುತ್ತದೆ, ಡಿಕ್ಕಿ ಹೊಡೆದಾಗ ಡಿಕ್ಕಿಯಿಂದ ಕಳಚಿ ಮುಂದೆ ಬರಬಾರದು. (ಎರಡು ಡಿಕ್ಕಿ ಬೇಕೆಂದೇ ಬಂದದ್ದಲ್ಲ.)

ವಾಲ್ವ್ ಮೇಲೆ ಒಂದು ಸುರಕ್ಷತಾ ಡಿಸ್ಕ್ ಇರುತ್ತದೆ. ಒತ್ತಡ ಮಿತಿ ಮೀರಿದರೆ ಬಾಟಲಿ ಸಿಡಿಯುವ ಬದಲು ಆ ಡಿಸ್ಕ್ ಒಡೆದು ಎಲ್ಲ ನೈಟ್ರಸ್ ಹೊರಗೆ ಹೋಗುತ್ತದೆ. ಅದು ಕಾರಿನ ಒಳಗೆ ಹೋದರೆ ಕೂತವರಿಗೆ ಉಸಿರಾಡಲು ಗಾಳಿ ಉಳಿಯುವುದಿಲ್ಲ, ಮುಂದೆ ಏನೂ ಕಾಣುವುದೂ ಇಲ್ಲ. ಆದ್ದರಿಂದ ಡಿಸ್ಕ್‌ನ ಬಾಯಿಂದ ಕಾರಿನ ಹೊರಗೆ ಒಂದು ವೆಂಟ್ ಪೈಪ್ ಇಳಿಸಲೇಬೇಕು. ಹ್ಯಾಚ್‌ಬ್ಯಾಕ್‌ನಲ್ಲಿ ಡಿಕ್ಕಿಗೂ ಸೀಟಿಗೂ ನಡುವೆ ಗೋಡೆಯೇ ಇಲ್ಲ, ಅಲ್ವಾ? ಅಲ್ಲಿ ಇದನ್ನು ಬಿಟ್ಟರೆ ಕ್ಷಮೆಯೇ ಇಲ್ಲ.

ಲೈನ್, ಸೊಲೆನಾಯ್ಡ್, ನಾಝಲ್

ಬಾಟಲಿಯಿಂದ ಬಾನೆಟ್‌ವರೆಗೆ ಸ್ಟೀಲ್ ಹೆಣಿಗೆಯ ಮುಖ್ಯ ಲೈನ್ ಕಾರಿನ ಕೆಳಗೆ ಎಳೆಯಿರಿ. ಸೈಲೆನ್ಸರ್ ಪೈಪ್, ಡ್ರೈವ್ ಶಾಫ್ಟ್, ಸಸ್ಪೆನ್ಷನ್ ಯಾವುದಕ್ಕೂ ತಾಗಬಾರದು. ತಗಡಿನ ತೂತಿನಲ್ಲಿ ದಾಟುವ ಕಡೆಯೆಲ್ಲ ರಬ್ಬರ್ ಗ್ರಾಮೆಟ್ ಹಾಕಿ. ಸ್ಟೀಲ್ ಹೆಣಿಗೆ ಗರಗಸ ಇದ್ದ ಹಾಗೆ, ಪಕ್ಕದ ವೈರನ್ನೂ ಪೈಪನ್ನೂ ತಿಂಗಳುಗಟ್ಟಲೆ ಉಜ್ಜಿ ಉಜ್ಜಿ ಕತ್ತರಿಸುತ್ತದೆ. ಫಿಟಿಂಗ್ ಬಣ್ಣ ಸಾಮಾನ್ಯವಾಗಿ ನೈಟ್ರಸ್‌ಗೆ ನೀಲಿ, ಪೆಟ್ರೋಲ್‌ಗೆ ಕೆಂಪು.

ಲೈನನ್ನು ಸೊಲೆನಾಯ್ಡ್‌ಗೆ ಸೇರಿಸುವ ಮುಂಚೆ ಒಳಗಿನ ಕಸ ಊದಿ ತೆಗೆಯಬೇಕು. ದಪ್ಪ ಗ್ಲೌಸ್ ಹಾಕಿಕೊಂಡು, ಲೈನ್ ತುದಿಯನ್ನು ಬಟ್ಟೆಯಿಂದ ಬಿಗಿಯಾಗಿ ಹಿಡಿದು, ಜನರಿಲ್ಲದ ಕಡೆ ತಿರುಗಿಸಿ. ಇನ್ನೊಬ್ಬರು ಬಾಟಲಿ ವಾಲ್ವ್ ಎರಡು ಸೆಕೆಂಡ್ ತೆರೆದು ಮುಚ್ಚಲಿ. ಇದನ್ನು ಬಯಲಲ್ಲಿ ಮಾಡಿ. ಬರಿಗೈಗೆ ತಾಗಿದರೆ ಚರ್ಮ ಹೆಪ್ಪುಗಟ್ಟುತ್ತದೆ.

ಈಗ ನನ್ನ ಎರಡನೇ ಪೆದ್ದತನ. ಸೊಲೆನಾಯ್ಡ್‌ನ ಪೈಪ್ ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿದ್ದೆ. ನಲ್ಲಿಗೆ ಸುತ್ತಿ ಅಭ್ಯಾಸ, ಕೈ ತಾನಾಗಿ ಹೋಯಿತು. ಎಲ್ಲ ಮುಗಿಸಿ ಇಂಜಿನ್ ಸ್ಟಾರ್ಟ್ ಮಾಡಿ ಬಾಟಲಿ ತೆರೆದೆ. 850ರಲ್ಲಿದ್ದ ಐಡಲ್ ಮೆಲ್ಲಗೆ 1100ಕ್ಕೆ ಏರಿತು. ಯಾರೂ ಸ್ವಿಚ್ ಒತ್ತಿಲ್ಲ, ಆದರೂ ನೈಟ್ರಸ್ ಒಳಗೆ ಸೋರುತ್ತಿದೆ! ತಕ್ಷಣ ಬಾಟಲಿ ಮುಚ್ಚಿ, ಲೈನ್ ಖಾಲಿ ಮಾಡಿ, ಸೊಲೆನಾಯ್ಡ್ ಬಿಚ್ಚಿದೆ. ಒಳಗೆ ವಾಲ್ವ್ ಕೂರುವ ಜಾಗದಲ್ಲಿ ಕಣ್ಣಿನ ರೆಪ್ಪೆ ಕೂದಲಿನಷ್ಟು ಸಣ್ಣ ಬಿಳಿ ಎಳೆ ಅಡ್ಡ ಮಲಗಿತ್ತು. ಟೇಪಿನ ಚೂರು. ಹಾಗೇ ಬಿಟ್ಟು ಇಂಜಿನ್ ಆಫ್ ಮಾಡಿದ್ದರೆ ರಾತ್ರಿಯಿಡೀ ಮ್ಯಾನಿಫೋಲ್ಡ್ ತುಂಬಾ ನೈಟ್ರಸ್ ಸೇರಿ, ಬೆಳಗ್ಗೆ ಕೀ ತಿರುಗಿಸಿದಾಗ ಬಾಂಬ್ ಆಗುತ್ತಿತ್ತು.

ಪಾಠ ಇಷ್ಟು: ಮೊನಚಾಗುತ್ತಾ ಹೋಗುವ ಪೈಪ್ ಥ್ರೆಡ್‌ಗೆ ಟೆಫ್ಲಾನ್ ಪೇಸ್ಟ್ ಮಾತ್ರ, ಅದೂ ಮೊದಲ ಎರಡು ಸುತ್ತು ಬಿಟ್ಟು. ಕೋನದ ಮುಖ ಕೂತು ಸೀಲ್ ಆಗುವ ಎಎನ್ ಫಿಟಿಂಗ್‌ಗಳಿಗೆ ಏನೂ ಬೇಡ. ನೈಟ್ರಸ್ ಕಡೆಯ ಯಾವ ಭಾಗಕ್ಕೂ ಆಯಿಲ್, ಗ್ರೀಸ್ ಸೋಕಿಸಬೇಡಿ. ಸೊಲೆನಾಯ್ಡ್‌ಗೆ ಮುಂಚೆ ಎರಡೂ ಲೈನ್‌ಗೆ ಫಿಲ್ಟರ್ ಇರಲಿ.

ಸೊಲೆನಾಯ್ಡ್‌ಗಳನ್ನು ನಾಝಲ್ ಹತ್ತಿರವೇ, ಎಕ್ಸಾಸ್ಟ್ ಬಿಸಿಯಿಂದ ದೂರ ಕೂರಿಸಿ. ನಾಝಲ್ ಜಾಗ ಥ್ರಾಟಲ್ ಬಾಡಿಗಿಂತ 75ರಿಂದ 125 ಎಂಎಂ ಮುಂಚೆ, ಏರ್‌ಫ್ಲೋ ಸೆನ್ಸರ್ ಆದ ಮೇಲೆ. ತೂತು ಕೊರೆಯುವಾಗ ಇನ್‌ಟೇಕ್ ಪೈಪನ್ನು ಕಾರಿನಿಂದ ಬಿಚ್ಚಿ ತೆಗೆದುಕೊಳ್ಳಿ. ಪುಡಿ ಇಂಜಿನ್ ಒಳಗೆ ಹೋಗಬಾರದು. ನಾಝಲ್ ಬಾಯಿ ಥ್ರಾಟಲ್ ಕಡೆ ನೋಡುತ್ತಿರಬೇಕು.

ಜೆಟ್ ಮೇಲಿನ ಅಂಕಿ ಅದರ ತೂತಿನ ಅಳತೆ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ. 36 ಅಂದರೆ 0.036 ಇಂಚು. ಯಾವ ಜೋಡಿ ಹಾಕಬೇಕು ಅನ್ನುವುದು ನಿಮ್ಮ ಕಾರಿನ ಫ್ಯೂಯೆಲ್ ಪ್ರೆಷರ್ ಮೇಲೆ ನಿಂತಿದೆ. ಕಿಟ್ ಕೋಷ್ಟಕದಲ್ಲಿ ನಿಮ್ಮ ಪ್ರೆಷರ್‌ನ ಸಾಲನ್ನೇ ನೋಡಿ, ಪಕ್ಕದ ಸಾಲನ್ನಲ್ಲ. ಎರಡು ಜೆಟ್ ಅದಲು ಬದಲಾದರೆ ಏನಾಗುತ್ತದೆ ಅಂತ ಮೇಲಿನ ಲೆಕ್ಕ ಓದಿದವರಿಗೆ ಹೇಳಬೇಕಿಲ್ಲ. ಹಾಕುವಾಗ ಅಂಕಿಯನ್ನು ಜೋರಾಗಿ ಓದಿ ಹಾಕಿ, ನಾನು ಈಗಲೂ ಹಾಗೇ ಮಾಡುವುದು.

ಪೆಟ್ರೋಲ್ ಲೈನನ್ನು ರೈಲ್‌ನ ಟೆಸ್ಟ್ ಪೋರ್ಟ್‌ನಿಂದ ಅಥವಾ ಒಂದು ಟಿ ಹಾಕಿ ತೆಗೆದುಕೊಳ್ಳಬಹುದು. ಬಿಚ್ಚುವ ಮುಂಚೆ ರೈಲ್ ಒತ್ತಡ ಇಳಿಸಿ, ಬ್ಯಾಟರಿ ಕಳಚಿ.

ವೈರಿಂಗ್

ಇಲ್ಲಿ ಒಂದೇ ತತ್ವ: ನೈಟ್ರಸ್ ಹರಿಯಬೇಕಾದರೆ ಎಲ್ಲರೂ ಹೂಂ ಅನ್ನಬೇಕು, ಒಬ್ಬರು ಊಹೂಂ ಅಂದರೂ ನಿಲ್ಲಬೇಕು.

ಸೊಲೆನಾಯ್ಡ್‌ಗಳು ಕರೆಂಟ್ ಜಾಸ್ತಿ ಎಳೆಯುತ್ತವೆ, ಆದ್ದರಿಂದ ರಿಲೇ ಬೇಕು. ರಿಲೇಯ 30ನೇ ಕಾಲಿಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ವೈರ್. 87ರಿಂದ ಎರಡೂ ಸೊಲೆನಾಯ್ಡ್‌ಗೆ. 86ಕ್ಕೆ ಡ್ಯಾಶ್‌ಬೋರ್ಡ್‌ನ ಆರ್ಮಿಂಗ್ ಸ್ವಿಚ್ (ಇಡೀ ಕಿಟ್ ಸಜ್ಜು ಮಾಡುವ ಸ್ವಿಚ್), ಅದೂ ಕೀ ಆನ್ ಇದ್ದಾಗ ಮಾತ್ರ ಕರೆಂಟ್ ಬರುವ ಜಾಗದಿಂದ. 85 ಅರ್ಥ್‌ಗೆ ಹೋಗಬೇಕು, ಆದರೆ ನೇರವಾಗಿ ಅಲ್ಲ. ಒಂದರ ಹಿಂದೆ ಒಂದರಂತೆ ಮೂರು ಕಾವಲುಗಾರರನ್ನು ದಾಟಿ ಹೋಗಬೇಕು.

ಮೊದಲನೆಯದು ಫುಲ್ ಥ್ರಾಟಲ್ ಸ್ವಿಚ್. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ ಸೇರುತ್ತದೆ. ಕೈಯಲ್ಲಿ ಒತ್ತುವ ಬಟನ್ ಒಂದನ್ನೇ ನಂಬಿಕೊಳ್ಳುವುದು ನನಗೆ ಇಷ್ಟವಿಲ್ಲ, ಹುಮ್ಮಸ್ಸಿನಲ್ಲಿ ಬೆರಳು ಮಾತು ಕೇಳುವುದಿಲ್ಲ. ಎರಡನೆಯದು ಆರ್‌ಪಿಎಂ ವಿಂಡೋ ಸ್ವಿಚ್. 3000ದ ಮೇಲೆ ಆನ್, ರೆವ್ ಲಿಮಿಟರ್‌ಗಿಂತ (ಇಂಜಿನ್ ಮಿತಿ ಮೀರಿ ತಿರುಗದಂತೆ ತಡೆಯುವ ಆರ್‌ಪಿಎಂ ಗಡಿ) 300 ಮುಂಚೆ ಆಫ್. ಲಿಮಿಟರ್ ತಾಗಿದಾಗ ಇಸಿಯು ಪೆಟ್ರೋಲ್ ಅಥವಾ ಕಿಡಿ ಕತ್ತರಿಸುತ್ತದೆ. ಆ ಗಳಿಗೆಯಲ್ಲಿ ನೈಟ್ರಸ್ ಬರುತ್ತಲೇ ಇದ್ದರೆ ಲೀನ್ ಆಗುತ್ತದೆ, ಇಲ್ಲವೇ ಬ್ಯಾಕ್‌ಫೈರ್. ಮೂರನೆಯದು ಫ್ಯೂಯೆಲ್ ಪ್ರೆಷರ್ ಸ್ವಿಚ್. ರೈಲ್ ಒತ್ತಡ ನಿಗದಿಗಿಂತ ಇಳಿದರೆ ನೈಟ್ರಸ್ ಕಟ್. ಬೇರೆ ಏನು ಬಿಟ್ಟರೂ ಈ ಮೂರನ್ನು ಬಿಡಬೇಡಿ. ಬಾಟಲಿ ಹೀಟರ್, ಪರ್ಜ್ (ಲೈನಿನ ಆವಿ ಹೊರಗೆ ಬಿಡುವ ವಾಲ್ವ್) ಎಲ್ಲ ಆಮೇಲೆ ಬರಲಿ.

ಒಣ ಪರೀಕ್ಷೆ

ಬಾಟಲಿ ಮುಚ್ಚಿರಲಿ, ಲೈನ್ ಖಾಲಿ ಇರಲಿ. ಇಂಜಿನ್ ಆಫ್ ಇಟ್ಟು ನೈಟ್ರಸ್ ಸೊಲೆನಾಯ್ಡ್‌ಗೆ ಕ್ಷಣಮಾತ್ರ ಕರೆಂಟ್ ಕೊಡಿ. ಟಕ್ ಅನ್ನಬೇಕು. ಈಗ ಇಂಜಿನ್ ಸ್ಟಾರ್ಟ್ ಮಾಡಿ, ಐಡಲ್‌ನಲ್ಲಿ ಪೆಟ್ರೋಲ್ ಸೊಲೆನಾಯ್ಡ್ ಒಂದಕ್ಕೇ ಕಣ್ಣು ಮಿಟುಕಿಸುವಷ್ಟು ಹೊತ್ತು ಕರೆಂಟ್ ಕೊಡಿ. ಪೆಟ್ರೋಲ್ ಜಾಸ್ತಿಯಾಗಿ ಇಂಜಿನ್ ಮುಗ್ಗರಿಸಬೇಕು, ಆರ್‌ಪಿಎಂ ಇಳಿಯಬೇಕು. ಏನೂ ಆಗದಿದ್ದರೆ ಪೆಟ್ರೋಲ್ ಬರುತ್ತಿಲ್ಲ ಅಂತ ಅರ್ಥ, ಮುಂದೆ ಹೋಗಲೇಬೇಡಿ.

ಆಮೇಲೆ, ಇಂಜಿನ್ ಐಡಲ್‌ನಲ್ಲಿರುವಾಗ, ಸ್ವಿಚ್ ಎಲ್ಲ ಆಫ್ ಇಟ್ಟು ಬಾಟಲಿ ವಾಲ್ವ್ ನಿಧಾನವಾಗಿ ತೆರೆಯಿರಿ. ಐಡಲ್ ಅಲುಗಾಡಬಾರದು. ಏರಿದರೆ ಸೊಲೆನಾಯ್ಡ್ ಸೋರುತ್ತಿದೆ. ಪ್ರತಿ ಫಿಟಿಂಗ್‌ಗೂ ಸಾಬೂನು ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡಿ. ಗುಳ್ಳೆ ಕಂಡರೆ ಮೊದಲು ಬಾಟಲಿ ಮುಚ್ಚಿ ಲೈನ್ ಖಾಲಿ ಮಾಡಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ.

ಒತ್ತಡ ಮತ್ತು ತೂಕ

ಬಾಟಲಿ ಗೇಜ್ ನೋಡಿ ‘ಇನ್ನೂ ಫುಲ್ ಇದೆ’ ಅನ್ನುವವರಿದ್ದಾರೆ. ಗೇಜ್ ಅದನ್ನು ಹೇಳುವುದೇ ಇಲ್ಲ. ಒಳಗೆ ಒಂದಿಷ್ಟಾದರೂ ದ್ರವ ಇರುವವರೆಗೆ ಒತ್ತಡ ತೋರಿಸುವುದು ಉಷ್ಣತೆಯನ್ನು: 0 ಡಿಗ್ರಿಯಲ್ಲಿ ಸುಮಾರು 450 ಪಿಎಸ್‌ಐ, 20ರಲ್ಲಿ 735, 30ರಲ್ಲಿ 915. ಎಷ್ಟು ಉಳಿದಿದೆ ಅಂತ ತಿಳಿಯಲು ಬಾಟಲಿ ಬಿಚ್ಚಿ ತೂಕ ಹಾಕಬೇಕು, ಬೇರೆ ದಾರಿಯಿಲ್ಲ. ಖಾಲಿ ಬಾಟಲಿಯ ತೂಕವನ್ನು ಅದರ ಮೇಲೇ ಬರೆದಿಡಿ. 50 ಎಚ್‌ಪಿ ಶಾಟ್ 10 ಸೆಕೆಂಡಿಗೆ ಸುಮಾರು 200 ಗ್ರಾಂ ತಿನ್ನುತ್ತದೆ.

ಕೆಲಸಕ್ಕೆ ಸರಿಯಾದ ಒತ್ತಡ 900ರಿಂದ 950 ಪಿಎಸ್‌ಐ. ಇದಕ್ಕಿಂತ ಇಳಿದರೆ ನೈಟ್ರಸ್ ಕಮ್ಮಿಯಾಗಿ ಮಿಶ್ರಣ ರಿಚ್, ಏರಿದರೆ ನೈಟ್ರಸ್ ಜಾಸ್ತಿಯಾಗಿ ಲೀನ್. ಅಪಾಯ ಇರುವುದು ಏರುವ ಕಡೆ. ಚಳಿಯಲ್ಲಿ ಒತ್ತಡ ಏರಿಸಲು ತಾನಾಗಿ ಆಫ್ ಆಗುವ ಎಲೆಕ್ಟ್ರಿಕ್ ಹೀಟರ್ ಪಟ್ಟಿ ಸಿಗುತ್ತದೆ. ಬೆಂಕಿ, ಬ್ಲೋ ಟಾರ್ಚ್ ಹತ್ತಿರಕ್ಕೂ ತರಬೇಡಿ. ಬಾಟಲಿಯ ಲೋಹವೇ ದುರ್ಬಲವಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯೂ ಒಂದು ಒಲೆಯೇ. 36.4 ಡಿಗ್ರಿ ದಾಟಿದ ಮೇಲೆ ನೈಟ್ರಸ್ ದ್ರವವಾಗಿ ಉಳಿಯುವುದೇ ಇಲ್ಲ, ಒತ್ತಡ ಸರಸರ ಏರುತ್ತದೆ. ಮಿತಿ ಮೀರಿ ತುಂಬಿದ ಬಾಟಲಿಯ ಡಿಸ್ಕ್ ಒಡೆಯುವುದು ಇಂಥ ಮಧ್ಯಾಹ್ನಗಳಲ್ಲಿ. ಬಿಸಿಲಿನ ದಿನ ಬಾಟಲಿ ಬಿಚ್ಚಿ ನೆರಳಿನಲ್ಲಿಡಿ.

ಕಾರಿನ ನೈಟ್ರಸ್‌ಗೆ ಗಂಧಕದ ಡೈಆಕ್ಸೈಡ್ ಸ್ವಲ್ಪ ಬೆರೆಸಿರುತ್ತಾರೆ, ಯಾರೂ ಸೇದದಿರಲಿ ಅಂತ. ತಮಾಷೆಗೂ ಮೂಸಬೇಡಿ.

ಮೊದಲ ಎಳೆತ

ಸಾಧ್ಯವಿದ್ದರೆ ಡೈನೊ ಮೇಲೆ, ಇಲ್ಲವೇ ಟ್ರ್ಯಾಕ್‌ನಲ್ಲಿ. ಗಾಳಿ-ಪೆಟ್ರೋಲ್ ಅನುಪಾತ ತೋರಿಸುವ ವೈಡ್‌ಬ್ಯಾಂಡ್ ಮೀಟರ್ ಇಲ್ಲದೆ ಬೇಡ. ಕಿಟ್‌ನಲ್ಲಿ ಬಂದ ಅತಿ ಚಿಕ್ಕ ಜೆಟ್ ಜೋಡಿ, ಹೊಸ ಪ್ಲಗ್, ಬಿಸಿಯಾದ ಇಂಜಿನ್, 900ರ ಆಸುಪಾಸು ಒತ್ತಡ. ಪರ್ಜ್ ವಾಲ್ವ್ ಇದ್ದರೆ ಒಮ್ಮೆ ಒತ್ತಿ ಲೈನಿನ ಆವಿ ಹೊರಗೆ ಕಳಿಸಿ, ಸೊಲೆನಾಯ್ಡ್ ಬಾಗಿಲಿಗೆ ದ್ರವ ಬಂದು ನಿಲ್ಲುತ್ತದೆ. ಬಿಳಿ ಹೊಗೆಯ ಚೆಂದಕ್ಕಲ್ಲ ಅದು ಇರುವುದು, ನೋಡಲು ಚೆಂದ ಅನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ.

ಮೂರನೇ ಗೇರ್, 3500ರಿಂದ ಫುಲ್ ಥ್ರಾಟಲ್, ಎರಡು ಸೆಕೆಂಡ್, ಬಿಡಿ. ಅಷ್ಟೇ. ಮೀಟರ್‌ನಲ್ಲಿ ಗಾಳಿ-ಪೆಟ್ರೋಲ್ ಅನುಪಾತ 11.5ರಿಂದ 12.5ರ ಒಳಗೆ ಇರಬೇಕು. 13ರ ಕಡೆ ಹೋಗುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಕಾಳು ಉದುರಿದಂತೆ ಟಿಕಟಿಕ ಸದ್ದು ಕೇಳಿದರೂ ನಿಲ್ಲಿಸಿ. ಎಲ್ಲ ಸರಿ ಕಂಡರೆ ಒಂದು ಪೂರ್ತಿ ಎಳೆತ ಎಳೆದು, ಅಲ್ಲೇ ಇಂಜಿನ್ ಆಫ್ ಮಾಡಿ, ಪ್ಲಗ್ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿ. ಬಿಳಿ ಪಿಂಗಾಣಿಯ ಮೇಲೆ ಕರಿ ಚುಕ್ಕಿ ಅಥವಾ ಮಿನುಗುವ ಬೆಳ್ಳಿ ಕಣ ಕಂಡರೆ ನಾಕಿಂಗ್ ಆಗಿದೆ. ಆ ಮಿನುಗು ಪಿಸ್ಟನ್‌ನ ಅಲ್ಯೂಮಿನಿಯಂ. ಟೈಮಿಂಗ್ ಇನ್ನೂ ಹಿಂದಕ್ಕೆ ಎಳೆಯಿರಿ, ಇಲ್ಲವೇ ಪೆಟ್ರೋಲ್ ಜೆಟ್ ಒಂದು ಅಳತೆ ದೊಡ್ಡದು ಹಾಕಿ, ಮತ್ತೆ ಹೊಸ ಪ್ಲಗ್‌ನಿಂದ ಶುರು ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಮಾಡಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ದಿನದ ಕೊನೆಗೆ, ಇಂಜಿನ್ ಓಡುತ್ತಿರುವಾಗಲೇ ಬಾಟಲಿ ವಾಲ್ವ್ ಮುಚ್ಚಿ. ಪರ್ಜ್ ಒತ್ತಿ ಹಿಡಿಯಿರಿ, ಹೊಗೆ ತೆಳುವಾಗಿ ಪೂರ್ತಿ ನಿಲ್ಲುವವರೆಗೆ. ಪರ್ಜ್ ಇಲ್ಲದಿದ್ದರೆ ಬಾಟಲಿ ಕಡೆಯ ನಟ್ಟನ್ನು, ಗ್ಲೌಸ್ ಹಾಕಿಕೊಂಡು, ಹೊರಗಿನ ಗಾಳಿಯಲ್ಲಿ, ಚೂರು ಚೂರೇ ಸಡಿಲಿಸಿ ಲೈನ್ ಖಾಲಿ ಮಾಡಿ. ಆರ್ಮಿಂಗ್ ಸ್ವಿಚ್ ಆಫ್ ಮಾಡಿ. ಐಡಲ್ ತನ್ನ ಹಳೇ ಜಾಗದಲ್ಲೇ ನಿಂತಿದೆಯಾ ಅಂತ ಒಮ್ಮೆ ನೋಡಿ, ಆಮೇಲೆ ಕೀ ತೆಗೆಯಿರಿ.